ತೆಗೆದ ಜಳ್ಳು

ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದು, ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ನನ್ನ ಗಂಡ ಕೂಗಿದರು.

"ಕತ್ತರೀ, ಅಮ್ಮನ ಪ್ರಾರ್ಥನೆ ರೆಕಾರ್ಡ್ ಮಾಡಿದ್ದು ಇದೆಯಲ್ಲ, ತಂಗಿ ಕೇಳ್ತಿದ್ದಾಳೆ. ಒಂಚೂರು ಕಳಿಸು."

ನನ್ನ ಬೆರಳುಗಳ ನಡುವೆ ಮಗಳ ತಲೆ ಕಲ್ಲಿನ ಹಾಗೆ ನಿಂತಿತು. ಜಡೆ ಹಾಕುವಾಗ ಆ ಎಂಟು ವರ್ಷದ ತಲೆ ಒಂದು ಕಡೆ ನಿಂತದ್ದನ್ನು ನಾನು ಕಂಡಿದ್ದೇ ಇಲ್ಲ.

"ಕೈ ಬಿಡುವಿಲ್ಲ" ಎಂದೆ, ಬಾಚಣಿಗೆಯ ಸಂದಿಯಿಂದ.

"ಬಿಡು, ನನ್ನ ಫೋನಲ್ಲೂ ಇದೆ, ಕೇಳೋ ಧೈರ್ಯ ಬಂದಿಲ್ಲ ಅಷ್ಟೇ. ನಾನೇ ಕಳಿಸ್ತೀನಿ." ಕಳಿಸಿಯೇ ಬಿಟ್ಟರು. ಅಡುಗೆಮನೆಯ ಕಟ್ಟೆಯ ಮೇಲಿದ್ದ ನನ್ನ ಫೋನು ಟಿಣ್ ಎಂದಿತು. ಮನೆಯವರೆಲ್ಲ ಇರುವ ಗುಂಪಿಗೇ ಹಾಕಿದ್ದರು.

ಮಗಳು ಎದ್ದು ನಿಂತಳು. ಮೂರು ಎಳೆಯೂ ಕೈಯಿಂದ ಜಾರಿದವು.

"ಕೂತ್ಕೋ ಬಟಾಣಿ, ಇನ್ನೊಂದು ಬಾಕಿ ಇದೆ."

"ಒಂದೇ ಸಾಕು."

"ಒಂದು ಜಡೆ ಹಾಕ್ಕೊಂಡು ಶಾಲೆಗೆ ಹೋಗ್ತೀಯಾ? ನೋಡಿದೋರು ಏನಂತಾರೆ?"

"ಇನ್ನೊಂದು ಕಳೆದುಹೋಯ್ತು ಅಂತೀನಿ." ನನ್ನ ಮುಖ ನೋಡದೆ ಚೀಲ ಎತ್ತಿಕೊಂಡು ಹೋದಳು. ಬಾಗಿಲಿನ ಚಿಲಕ ಹಾಕಿ, ಒಮ್ಮೆ ಎಳೆದು ನೋಡಿ, ಮತ್ತೆ ಎಳೆದು ನೋಡಿದ ಸದ್ದು ಕೇಳಿಸಿತು. ಆರು ತಿಂಗಳಿಂದ ಅವಳು ಎಲ್ಲವನ್ನೂ ಎರಡೆರಡು ಸಲ ಮಾಡುತ್ತಾಳೆ. ದೀಪದ ಸ್ವಿಚ್ಚು, ನಲ್ಲಿ, ಅಪ್ಪನ ಜೊತೆ ಹೋದಾಗ ಲಿಫ್ಟಿನ ಗುಂಡಿ. "ಸರಿಯಾಗಿ ಒತ್ತಿದೀನಾ ಅಪ್ಪಾ?" ಎಂದು ಕೇಳುತ್ತಾಳಂತೆ. ಲಿಫ್ಟು ರಿಪೇರಿ ಮಾಡುವ ಅವಳ ಅಪ್ಪನಿಗೆ ಅದು ತಮಾಷೆ. "ನನಗಿಂತ ದೊಡ್ಡ ಮೆಕ್ಯಾನಿಕ್ ಆಗ್ತಾಳೆ ನೋಡು" ಎನ್ನುತ್ತಾರೆ.

ಅವಳು ಹೀಗೇಕಾದಳು ಎಂದು ಗೊತ್ತಿರುವುದು ನನಗೊಬ್ಬಳಿಗೇ.

ನನ್ನ ಕೆಲಸದಿಂದಲೇ ಶುರುಮಾಡಬೇಕು. ಮೇಷ್ಟರುಗಳ ಧ್ವನಿಯಲ್ಲಿ ಪಾಠ ಮುದ್ರಿಸಿ ಫೋನಿಗೆ ಕಳಿಸುವ ಕಂಪನಿಯೊಂದಕ್ಕೆ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಊಟದ ಮೇಜಿನ ಒಂದು ಮೂಲೆ ನನ್ನ ಆಫೀಸು. ಮೇಷ್ಟರು ಕೆಮ್ಮಿದ್ದು, "ಅಂದ್ರೆ, ಅಂದ್ರೆ" ಎಂದು ತಡವರಿಸಿದ್ದು, ನೀರು ಕುಡಿದದ್ದು, ಮುಂದಿನ ಮಾತಿಗಾಗಿ ಸುಮ್ಮನೆ ನಿಂತದ್ದು ಎಲ್ಲವನ್ನೂ ಕತ್ತರಿಸುವುದು. ಅರ್ಧ ಸೆಕೆಂಡಿಗಿಂತ ಹೆಚ್ಚು ಮೌನ ಉಳಿಯಬಾರದು, ಇದು ಕಂಪನಿಯ ನಿಯಮ. ಕೇಳುವವರಿಗೆ ಪುರುಸೊತ್ತಿಲ್ಲವಂತೆ. ಮೌನವನ್ನು ಕೈಯಿಂದ ಕತ್ತರಿಸುವ ಕಷ್ಟವೂ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಫೋಲ್ಡರು ಇದೆ. ಅದರೊಳಗೆ ಯಾವ ಧ್ವನಿಯನ್ನು ಹಾಕಿದರೂ ಮೌನವನ್ನೆಲ್ಲ ಹುಡುಕಿ ತೆಗೆದು, ಉಳಿದದ್ದನ್ನು ಅಂಟಿಸಿ, ಜಾಗ ಉಳಿಸಲು ಮೂಲವನ್ನು ಅಳಿಸಿ ಹಾಕುತ್ತದೆ.

"ನೀನು ಏನು ಕೆಲಸ ಮಾಡ್ತೀಯಮ್ಮ?" ಎಂದು ಬಟಾಣಿ ಕೇಳಿದ್ದಳು, ಇನ್ನೂ ಐದು ವರ್ಷದವಳಿದ್ದಾಗ. ಏನು ಹೇಳುವುದು? "ಕಾಳು ಇಟ್ಟುಕೊಂಡು ಜಳ್ಳು ತೂರ್ತಾರಲ್ಲ, ಹಾಗೆ. ಮಾತು ಇಟ್ಟುಕೊಂಡು ಜಳ್ಳು ತೆಗೆಯೋದು" ಎಂದೆ. ಆ ಮಾತು ಮನೆಯಲ್ಲಿ ನಿಂತುಬಿಟ್ಟಿತು. ಶಾಲೆಯಿಂದ ಬಂದವಳೇ, "ಇವತ್ತು ಎಷ್ಟು ಜಳ್ಳು ತೆಗೆದೆ?" ಎನ್ನುವಳು. "ಒಂದು ಗಂಟೆ ಹತ್ತು ನಿಮಿಷ" ಎಂದರೆ ಕಣ್ಣರಳಿಸುವಳು. ಊಟಕ್ಕೆ ಕೂತಾಗ ಯಾರೂ ಮಾತಾಡದಿದ್ದರೆ, "ಏನ್ರಪ್ಪಾ, ಇವತ್ತು ತಟ್ಟೆ ತುಂಬ ಜಳ್ಳೇ" ಎಂದು ನನ್ನ ಗಂಡ ನಗಿಸುವರು. ನನಗೆ 'ಕತ್ತರಿ' ಎಂದು ಹೆಸರಿಟ್ಟವರೂ ಅವರೇ.

ಅತ್ತೆ ಮಾತ್ರ ಒಂದು ದಿನ ಹೇಳಿದ್ದರು, "ಬೆಳಿಗ್ಗೆ ಬೆಳಿಗ್ಗೆ ಎದ್ದು ನಾನು ಜಳ್ಳು ಬೆಳೆಯೋಳು, ನೀನು ತೂರೋಳು. ಚೆನ್ನಾಗಿದೆ ನಮ್ಮ ಜೋಡಿ." ಎಲ್ಲರೂ ನಕ್ಕರು. ಅದು ನನಗೆ ಚುಚ್ಚಿದ ಮಾತು ಅನ್ನಿಸಿ ನಾನು ನಗಲಿಲ್ಲ.

ಅತ್ತೆ ದಿನಾ ಬೆಳಿಗ್ಗೆ ಆರೂವರೆಗೆ ತಮ್ಮ ಕೋಣೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಎದುರಿಗೆ ಏನೂ ಇಲ್ಲ, ಕೈಯಲ್ಲೂ ಏನೂ ಇಲ್ಲ. "ದೇವರೇ, ನಾನು ಬಂದಿದ್ದೀನಿ" ಎನ್ನುವರು, ಹೊರಗೆ ಹೋಗಿದ್ದವರು ಮನೆಗೆ ಬಂದು ಹೇಳುವ ಹಾಗೆ. ಆಮೇಲೆ ಸುಮ್ಮನೆ. ಆಮೇಲೆ ಒಬ್ಬೊಬ್ಬರ ಸರದಿ. ಮಗನಿಗೆ ಎಂದು ಒಂದು ಮಾತು, ಮತ್ತೆ ಸುಮ್ಮನೆ. ಸೊಸೆಗೆ, ಮಗಳಿಗೆ, ಅಳಿಯನಿಗೆ, ಮೊಮ್ಮಗಳಿಗೆ. ಪಕ್ಕದಲ್ಲಿ ಮುಕ್ಕಾಲಿಯ ಮೇಲೆ ಬಟಾಣಿ ಕೂತಿರುವಳು. ನಾನು ಆ ಹೊತ್ತಿಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಒಲೆಯ ಮೇಲೆ ಒಂದು ಕಣ್ಣಿಟ್ಟು ಮೇಷ್ಟರುಗಳನ್ನು ಕತ್ತರಿಸುತ್ತಿರುತ್ತಿದ್ದೆ.

ನನಗೂ ಅತ್ತೆಗೂ ಜಗಳವಿರಲಿಲ್ಲ. ಜಗಳಕ್ಕೆ ಮಾತಾದರೂ ಬೇಕಲ್ಲ. ಅವರು ಬಂದು ನನ್ನ ಮೇಜಿನ ಹತ್ತಿರ ಒಂದು ನಿಮಿಷ ನಿಲ್ಲುವರು, ನನ್ನ ಕಿವಿಯ ಮೇಲಿನ ಹೆಡ್‌ಫೋನು ನೋಡುವರು, ಹೊರಟುಹೋಗುವರು. ನನ್ನ ಮೇಲಿನ ದೂರನ್ನೆಲ್ಲ ಬೆಳಿಗ್ಗೆ ಅಲ್ಲಿ ಕೂತು ಒಪ್ಪಿಸುತ್ತಾರೇನೋ ಅಂದುಕೊಂಡಿದ್ದೆ. ಒಂದು ದಿನ ಬಟಾಣಿ ಕುಂಟುತ್ತಾ ಬಂದು, "ಅಮ್ಮಾ, ನಿನ್ನ ಸರದಿ ಬಂದ್ರೆ ನನ್ನ ಕಾಲು ಜೋಮು ಹಿಡಿಯುತ್ತೆ" ಎಂದಿದ್ದಳು. ಕಿವಿಯಲ್ಲಿ ಯಾರೋ ತ್ರಿಕೋನದ ಪಾಠ ಮಾಡುತ್ತಿದ್ದರು. "ಹ್ಞೂಂ ಹ್ಞೂಂ, ಹಲ್ಲುಜ್ಜು ಹೋಗು" ಎಂದಿದ್ದೆ.

ಮಂಡಿಯ ಆಪರೇಷನ್ನಿಗೆ ಅತ್ತೆ ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಬಟಾಣಿ ಅವರ ಫೋನನ್ನು ಕಿಟಕಿಯ ಮೇಲಿಟ್ಟು ಪೂರ್ತಿ ಪ್ರಾರ್ಥನೆಯನ್ನು ರೆಕಾರ್ಡು ಮಾಡಿದಳು. "ನೀವು ಬರೋವರೆಗೆ ನಾನು ಇದರ ಜೊತೆ ಕೂತ್ಕೋತೀನಿ ಅಜ್ಜಿ" ಎಂದಳು. ಅಜ್ಜಿ, "ಹಾಗಾದ್ರೆ ನಾನು ನಿಧಾನವಾಗೇ ಬರಬಹುದು" ಎಂದರು.

ಅತ್ತೆಯ ಹಳೆಯ ಫೋನು ಜಾಗವಿಲ್ಲ ಜಾಗವಿಲ್ಲ ಎಂದು ಒದ್ದಾಡುತ್ತಿತ್ತು. "ಅಮ್ಮಾ, ಇದನ್ನ ನಿನ್ನ ಕಂಪ್ಯೂಟರಿಗೆ ಹಾಕ್ಕೊಡು, ಜೋಪಾನ" ಎಂದು ತಂದುಕೊಟ್ಟಳು. ಹಾಕಿದೆ. ಫೋನಿನಿಂದ ಅಳಿಸಿದೆ. ಒಲೆಯ ಮೇಲಿನ ಹಾಲು ಉಕ್ಕಿತು, ಓಡಿದೆ. ದಿನಕ್ಕೆ ನಲವತ್ತು ಸಲ ಧ್ವನಿಗಳನ್ನು ಎಳೆದು ಆ ಫೋಲ್ಡರಿಗೇ ಬಿಡುವ ಕೈ ಇದು. ಅತ್ತೆಯನ್ನೂ ಅಲ್ಲಿಗೇ ಬಿಟ್ಟಿತ್ತು.

ಸಂಜೆ ಬಟಾಣಿ ಕೇಳಿದಾಗ ಗೊತ್ತಾಯಿತು. ಇಪ್ಪತ್ತು ನಿಮಿಷದ ಪ್ರಾರ್ಥನೆ ನಲವತ್ತೊಂದು ಸೆಕೆಂಡಿಗೆ ಬಂದು ಕೂತಿತ್ತು.

"ಇದು ಅಜ್ಜಿ ಅಲ್ಲ" ಎಂದಳು ಮಗಳು.

ಆಗಲೇ ಹೇಳಬಹುದಿತ್ತು. ಅತ್ತೆ ಬದುಕಿದ್ದರು, ಮರುದಿನ ಆಸ್ಪತ್ರೆಯಲ್ಲೇ ಇನ್ನೊಂದು ಸಲ ರೆಕಾರ್ಡು ಮಾಡಬಹುದಿತ್ತು. ಆದರೆ ಅವರೆದುರು ಹೋಗಿ, ನೋಡಿ, ನಿಮ್ಮ ಪ್ರಾರ್ಥನೆಯ ಜಳ್ಳು ತೂರಿಬಿಟ್ಟೆ ಎನ್ನಬೇಕಲ್ಲ. ಅವರು ಏನೂ ಅನ್ನದೆ ನನ್ನನ್ನು ನೋಡುತ್ತಾರಲ್ಲ. ಆ ನೋಟ ತಪ್ಪಿಸಿಕೊಳ್ಳಲು ನಾನು ಮಗಳಿಗೆ ಹೇಳಿದೆ, "ನೀನು ಸರಿಯಾಗಿ ಒತ್ತಿಲ್ಲ ಅನ್ಸುತ್ತೆ ಪುಟ್ಟಾ. ಮಧ್ಯೆ ಮಧ್ಯೆ ನಿಂತುಹೋಗಿದೆ. ಅಜ್ಜಿ ಬಂದ ಮೇಲೆ ಇನ್ನೊಂದು ಸಲ ಮಾಡೋಣ, ಆಯ್ತಾ?"

ಮಗಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದು ನನ್ನ ಕಣ್ಣಿನಿಂದ ಹೋಗಿಲ್ಲ.

ಆಪರೇಷನ್ನು ಚೆನ್ನಾಗಿಯೇ ಆಯಿತು. ಆಮೇಲೆ ಸೋಂಕು ತಗುಲಿತು. ಅತ್ತೆ ಮೂರನೆಯ ವಾರಕ್ಕೆ ಹೋಗಿಬಿಟ್ಟರು.

ಹೋಗಿ ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕಂಪ್ಯೂಟರಿನ ಹಳೆಯ ಫೈಲುಗಳನ್ನು ಗುಡಿಸುತ್ತಿದ್ದೆ. ಆ ಫೋಲ್ಡರು ತಾನು ಕತ್ತರಿಸಿದ್ದಕ್ಕೆಲ್ಲ ಒಂದು ಪಟ್ಟಿ ಬರೆದಿಡುತ್ತದೆ, ಯಾವ ಮಾತಿನ ನಂತರ ಎಷ್ಟು ಮೌನ ತೆಗೆದೆ ಎಂದು. ಯಾರೂ ಓದುವುದಿಲ್ಲ. ಅತ್ತೆಯ ದಿನದ ಪಟ್ಟಿಯೂ ಇತ್ತು. ಧ್ವನಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೊಂದಿಸಿ, ಕೈಗೆ ಸಿಕ್ಕ ಕಾಗದದ ಮೇಲೆ ಬರೆದೆ. ದೇವರೇ ನಾನು ಬಂದಿದ್ದೀನಿ: ನಾಲ್ಕು ನಿಮಿಷ. ಮಗನಿಗೆ: ಎರಡು ನಿಮಿಷ ಇಪ್ಪತ್ತು ಸೆಕೆಂಡು. ಮಗಳಿಗೆ: ಮೂರು ನಿಮಿಷ ಐದು ಸೆಕೆಂಡು. ಅಳಿಯನಿಗೆ: ಒಂದು ನಿಮಿಷ ಕಾಲು. ಮೊಮ್ಮಗಳಿಗೆ: ಮೂರು ನಿಮಿಷಕ್ಕೆ ಹತ್ತು ಸೆಕೆಂಡು ಕಮ್ಮಿ.

ಸೊಸೆಗೆ: ಆರು ನಿಮಿಷ ಹತ್ತು ಸೆಕೆಂಡು.

ಉಳಿದವರಿಗೆಲ್ಲ ಅತ್ತೆ ಏನಾದರೂ ಒಂದು ಕೇಳಿದ್ದರು. ನನಗೆ 'ಸೊಸೆಗೆ' ಎಂಬ ಒಂದೇ ಪದ. ನಲವತ್ತೊಂದು ಸೆಕೆಂಡಿನಲ್ಲಿ ನನ್ನ ಪಾಲಿಗೆ ಏನೂ ಇಲ್ಲವೆಂದು ನಾನೂ ಅಂದುಕೊಂಡಿದ್ದೆ, ಒಳಗೊಳಗೇ ಅವರ ಮೇಲೆ ಸಿಟ್ಟೂ ಮಾಡಿಕೊಂಡಿದ್ದೆ. ಆ ಆರು ನಿಮಿಷದಲ್ಲಿ ಅವರು ಏನು ಕೇಳಿದರೋ, ಮಗುವಿನ ಕಾಲು ಜೋಮು ಹಿಡಿಯುವಷ್ಟು ಹೊತ್ತು! ಯಾರಿಗೆ ಹೇಳಲಿ? ಆರು ನಿಮಿಷ ನನ್ನದಾಗಿತ್ತು ಎನ್ನಬೇಕಾದರೆ ಅದನ್ನು ಕತ್ತರಿಸಿದವಳೂ ನಾನೇ ಎನ್ನಬೇಕು. ಕಾಗದವನ್ನು ಮಡಿಸಿ ಅತ್ತೆಯ ಕನ್ನಡಕದ ಡಬ್ಬಿಯಲ್ಲಿಟ್ಟೆ. ಅದನ್ನು ಯಾರೂ ತೆಗೆಯುವುದಿಲ್ಲ ಅಂದುಕೊಂಡಿದ್ದೆ.

ಒಂದು ಜಡೆಯ ಆ ಬೆಳಿಗ್ಗೆ, ಮಗಳು ಹೋದ ಮೇಲೆ ಫೋನು ಮತ್ತೆ ಟಿಣ್ ಟಿಣ್ ಎಂದಿತು. ನಾದಿನಿ ಶಾಲೆಯಲ್ಲಿ ಟೀಚರು. ಮಕ್ಕಳ ಗಲಾಟೆಯ ನಡುವಿನಿಂದಲೇ ಧ್ವನಿ ಕಳಿಸಿದ್ದಳು.

"ಅಣ್ಣಾ, ಏನಿದು? ಅಮ್ಮ ಬಸ್ಸಿಗೆ ಓಡೋ ಹಾಗೆ ಪ್ರಾರ್ಥನೆ ಮಾಡಿದಾಳೆ! ನಾನು ಹಾಜರಿ ಕೂಗೋದೂ ಇದಕ್ಕಿಂತ ನಿಧಾನ." ಆಮೇಲೆ ಇನ್ನೊಂದು: "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮಗೆ ಒಂದೇ ಪದ ಸಿಕ್ಕಿದೆ. ನಮ್ಮನೆಯವರ ಕೋಪಕ್ಕೇ ನಿಮಗಿಂತ ಜಾಸ್ತಿ ಸಿಕ್ತು ನೋಡಿ." ಕೊನೆಗೆ ನಗುವ ಮುಖಗಳ ಒಂದು ಸಾಲು.

ನನ್ನ ಗಂಡ ಹೆಬ್ಬೆರಳು ಹಾಕಿದರು. ನಾನೂ ಒಂದು ನಗುವ ಮುಖ ಹಾಕಿದೆ.

ಭಾನುವಾರ ನಾದಿನಿಯೂ ಅವಳ ಗಂಡನೂ ಬಂದರು. ಅವನು ಹೊಸ ಸ್ಪೀಕರ್ ಡಬ್ಬಿ ತಂದಿದ್ದ. "ಅಮ್ಮನ ಧ್ವನಿ ಇದರಲ್ಲಿ ಕೇಳಿ, ಎದುರಿಗೇ ಕೂತ ಹಾಗಿರುತ್ತೆ" ಎಂದ. ಮುಂದಿನ ಕೋಣೆಯಲ್ಲಿ ಎಲ್ಲರೂ ಕೂತೆವು. ಅತ್ತೆಯ ಕುರ್ಚಿಯನ್ನೂ ತಂದಿಟ್ಟಿದ್ದರು. ಅದರಲ್ಲಿ ಯಾರೂ ಕೂರಲಿಲ್ಲ.

"ನಾನು ಹಾಕ್ತೀನಿ" ಎಂದಳು ಬಟಾಣಿ.

ಅವಳ ಕೈಯಲ್ಲಿ ಕನ್ನಡಕದ ಡಬ್ಬಿ ಇತ್ತು. ಅಜ್ಜಿಯ ಕನ್ನಡಕವನ್ನು ಮೂಸಲು ಅವಳು ದಿನಾ ಅದನ್ನು ತೆಗೆಯುತ್ತಿದ್ದಳಂತೆ. ಅದು ಆಮೇಲೆ ಗೊತ್ತಾಯಿತು. ಡಬ್ಬಿ ತೆರೆದಳು, ಕಾಗದ ಬಿಡಿಸಿ ತೊಡೆಯ ಮೇಲೆ ಹರಡಿಕೊಂಡಳು, ಗೋಡೆಯ ಗಡಿಯಾರದ ಕಡೆ ಮುಖ ಮಾಡಿ ಕೂತಳು. ಬೇಡ ಎನ್ನಲು ಬಾಯಿ ತೆರೆದೆ. ಏನು ಕಾರಣ ಕೊಟ್ಟು ಬೇಡ ಎನ್ನಲಿ?

"ದೇವರೇ, ನಾನು ಬಂದಿದ್ದೀನಿ" ಎಂದರು ಅತ್ತೆ, ಸ್ಪೀಕರಿನಿಂದ.

ಬಟಾಣಿ ಹೆಬ್ಬೆರಳಿನಿಂದ ನಿಲ್ಲಿಸಿದಳು.

ಒಂದು ನಿಮಿಷ ಯಾರಿಗೂ ಏನೂ ತಿಳಿಯಲಿಲ್ಲ. ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು.

"ಕೆಟ್ಟೋಯ್ತಾ?" ಎಂದು ನಾದಿನಿ ಪಿಸುಗುಟ್ಟಿದಳು.

"ಇಲ್ಲ. ಇದು ಅಜ್ಜಿ."

ನಾದಿನಿಯ ಗಂಡ ಸ್ಪೀಕರಿನ ಕಡೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾಲ್ಕು ನಿಮಿಷ ಎಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ಎರಡನೆಯ ನಿಮಿಷಕ್ಕೆ ನಾದಿನಿ ಸೆರಗಿನ ತುದಿ ತಿರುಚುವುದನ್ನು ನಿಲ್ಲಿಸಿದಳು. ಮೂರನೆಯದಕ್ಕೆ ನನ್ನ ಗಂಡ ಕಣ್ಣು ಮುಚ್ಚಿದರು.

"ಮಗನಿಗೆ. ಮೇಲೂ ಕೆಳಗೂ ಓಡಾಡೋ ಕೆಲಸ, ಹುಷಾರಾಗಿಡು."

ನಿಂತಿತು. ಅವರ ಜೇಬಿನಲ್ಲಿ ಫೋನು ನಡುಗಿತು. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿರಬೇಕು. ಊಟದ ನಡುವೆಯೂ ಎದ್ದು ಹೋಗುವವರು, ಈಗ ಜೇಬಿನ ಮೇಲೆ ಅಂಗೈ ಇಟ್ಟು ಅದು ಸುಮ್ಮನಾಗುವವರೆಗೆ ಒತ್ತಿ ಹಿಡಿದರು. ಮುಚ್ಚಿದ ಕಣ್ಣಿನ ಕೆಳಗೆ ಕೆನ್ನೆ ಒದ್ದೆಯಾಗಿತ್ತು.

ಬಟಾಣಿ ಗಡಿಯಾರ ನೋಡಿ ಮತ್ತೆ ಒತ್ತಿದಳು.

"ಸೊಸೆಗೆ."

ನಾನು ಕಣ್ಣು ಮುಚ್ಚಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಭಯಕ್ಕಿಂತ ಹೆಚ್ಚಾಗಿ ನನಗೆ ಆಸೆಯಾಗಿತ್ತು. ಆರು ನಿಮಿಷ ಹತ್ತು ಸೆಕೆಂಡು. ಆಮೇಲೆ ಏನು ಬೇಕಾದರೂ ಆಗಲಿ, ಒಂದು ಸಲ ಅದರೊಳಗೆ ಕೂತು ಎದ್ದು ಬರುತ್ತೇನೆ.

"ಮಗಳಿಗೆ. ಅವಳ ಸೊಂಟ ನೋವು ಇಳಿಸು. ಆ ಮಕ್ಕಳು ಅವಳ ಮಾತು ಕೇಳೋ ಹಾಗೆ ಮಾಡು."

ಕಣ್ಣು ಬಿಟ್ಟೆ. ಮಗಳು ಗಡಿಯಾರವನ್ನೇ ನೋಡುತ್ತಿದ್ದಳು. ನನ್ನ ಹೆಸರಿಗೆ ಅವಳ ಹೆಬ್ಬೆರಳು ಅಲುಗಿರಲಿಲ್ಲ. ಮಗಳಿಗೆ ಮೂರು ನಿಮಿಷ ಐದು ಸೆಕೆಂಡು ಒಂದೂ ಕಮ್ಮಿಯಿಲ್ಲದ ಹಾಗೆ ಕೊಟ್ಟಳು. "ಅಳಿಯನಿಗೆ. ಒಳ್ಳೆಯವನೇ, ಕೋಪ ಒಂದು ಕಮ್ಮಿ ಮಾಡು" ಎಂದದ್ದಕ್ಕೆ ಒಂದು ನಿಮಿಷ ಕಾಲು ಕೊಟ್ಟಳು. ಅವನು ತಲೆ ತಗ್ಗಿಸಿಕೊಂಡು ಕೂತಿದ್ದ. "ಮೊಮ್ಮಗಳಿಗೆ. ಲೆಕ್ಕ ತಲೆಗೆ ಹತ್ತಲಿ, ನಗು ಹಾಗೇ ಇರಲಿ" ಎಂದದ್ದಕ್ಕೆ ತನ್ನ ಪಾಲನ್ನೂ ಪೂರ್ತಿ ತೆಗೆದುಕೊಂಡಳು.

"ಸಾಕು. ಏಳ್ತೀನಿ" ಎಂದರು ಅತ್ತೆ. ಮುಗಿಯಿತು.

ನಾದಿನಿ ಅಳುತ್ತಾ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಚಿನ್ನ, ಅಮ್ಮ ಹೀಗೇ ಕೂರ್ತಿದ್ಲು. ಹೀಗೇ. ನಿನಗೆ ಹೇಗೆ ನೆನಪಿತ್ತೇ ಇಷ್ಟು ಕರೆಕ್ಟಾಗಿ?" ಎನ್ನುತ್ತಾ ಅವಳ ತೊಡೆಯ ಮೇಲಿನ ಕಾಗದ ತೆಗೆದುಕೊಂಡಳು. ಟೀಚರಲ್ಲವೇ, ಮೇಲಿನಿಂದ ಗಟ್ಟಿಯಾಗಿ ಓದಿದಳು.

"ತೆಗೆದ ಜಳ್ಳು."

ಹಾಗೆಂದು ತಲೆಬರಹ ಕೊಟ್ಟಿದ್ದೆ. ಕೆಲಸದ ಕಾಗದಕ್ಕೆಲ್ಲ ಹಾಗೇ ಕೊಟ್ಟು ರೂಢಿ. ಬರೆಯುವಾಗ ಯೋಚಿಸಿರಲಿಲ್ಲ.

"ಯಾರ ಬರಹ ಇದು?" ಎಂದಳು. ಉತ್ತರ ಬೇಕಿರಲಿಲ್ಲ. ನನ್ನ ಗಂಡ ನನ್ನ ಕಡೆ ತಿರುಗಿದ್ದರು. ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ಅದು ಅವರ ಅಮ್ಮನ ನೋಟ. ಅಂದು ನಾನು ತಪ್ಪಿಸಿಕೊಂಡದ್ದು.

"ಸೊಸೆಗೆ, ಆರು ನಿಮಿಷ ಹತ್ತು..." ನಾದಿನಿಯ ಸ್ವರ ಇಳಿಯಿತು. "ಇದನ್ನ ಯಾಕೆ ಬಿಟ್ಟೆ ಮರೀ?"

ಬಟಾಣಿ ಅವಳ ತೋಳಿನಿಂದ ಬಿಡಿಸಿಕೊಂಡು ನನ್ನ ಎದುರಿಗೆ ಬಂದು ನಿಂತಳು. ಅಂದು ಬೆಳಿಗ್ಗೆ ಎರಡೂ ಜಡೆಯನ್ನು ತಾನೇ ಹಾಕಿಕೊಂಡಿದ್ದಳು, ಸೊಟ್ಟಗೆ. ಬಲಗೈಯ ಹೆಬ್ಬೆರಳನ್ನು ಎಡಗೈಯೊಳಗೆ ಮುಚ್ಚಿಟ್ಟುಕೊಂಡಿದ್ದಳು.

"ಅಮ್ಮಾ," ಎಂದಳು, "ಅವತ್ತು ನಾನು ಸರಿಯಾಗೇ ಒತ್ತಿದ್ದೆ, ಅಲ್ವಾ?"